ಮಜ್ಜಿಗೆ ಬರುವ ತನಕ

ಅಕ್ಟೋಬರ್ ೬, ೨೦೦೨, ಭಾನುವಾರ

ಲಾರಿಯಿಂದ ಮೂಟೆ ಇಳಿಸುವವನನ್ನು ಹಮಾಲಿ ಎನ್ನುತ್ತಾರೆ. ಅಮೆರಿಕದ ಕಂಪ್ಯೂಟರಿನಿಂದ ಫೈಲು ಇಳಿಸುವವನನ್ನು ಸಿಸ್ಟಮ್ಸ್ ಎಕ್ಸಿಕ್ಯೂಟಿವ್ ಎನ್ನುತ್ತಾರೆ. ಬಿ.ಎ.ಯ ಐಚ್ಛಿಕ ಕನ್ನಡದಲ್ಲಿ ಕಾಲೇಜಿಗೇ ಮೊದಲಿಗನಾದ ಚನ್ನವೀರ ಎಂಬ ನಾನು ಕಳೆದ ಐದು ತಿಂಗಳಿಂದ ಎರಡನೆಯ ಬಗೆಯ ಹಮಾಲಿ.

ಕೆಲಸ ಇಷ್ಟೇ. ಅಲ್ಲಿನ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ವರದಿಯನ್ನು ಕೈಯಲ್ಲಿ ಬರೆಯುವುದಿಲ್ಲ, ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಆ ಧ್ವನಿ ಅವರ ಸರ್ವರ್‌ನಲ್ಲಿ ಕೂತಿರುತ್ತದೆ. ಜಯನಗರ ನಾಲ್ಕನೇ ಬ್ಲಾಕಿನ ಪಾತ್ರೆ ಅಂಗಡಿಯ ಮೇಲಿರುವ ನಮ್ಮ ಆಫೀಸಿಗೆ ನಾನು ಬೆಳಗ್ಗೆ ಆರೂವರೆಗೆ ಬಂದು ಅದನ್ನು ಒಂದೊಂದಾಗಿ ಇಳಿಸುತ್ತೇನೆ. ಆಮೇಲೆ ಹನ್ನೆರಡು ಮಂದಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪ್ ಮಾಡುತ್ತಾರೆ. ಟೈಪ್ ಮಾಡುವವರಿಗೆ ತಿರುಗುವ ಕುರ್ಚಿ, ನನಗೆ ಸ್ಟೂಲು. ನವೆಂಬರ್ ಮೊದಲ ವಾರ ನನ್ನ ಪ್ರೊಬೇಷನ್ ಮುಗಿಯುತ್ತದೆ, ಆಗ ಕುರ್ಚಿ ಕೊಡುತ್ತೇನೆಂದು ಬಾಸ್ ವಿಜಯಕುಮಾರ್ ಹೇಳಿದ್ದಾರೆ. ಕುರ್ಚಿಗಾಗಿ ಕಾದವರಲ್ಲಿ ನಾನು ಮೊದಲಿಗನೇನಲ್ಲ, ವಿಧಾನಸೌಧ ತುಂಬ ಅಂಥವರೇ ಇದ್ದಾರೆ.

ಇವತ್ತು ರಜೆ. ಬೆಳಗ್ಗೆ ಕೆಳಗಿನಿಂದ ಮನೆ ಓನರ್ ನೀಲಗಂಗಮ್ಮ ಆಂಟಿ ಕೂಗಿದರು. "ಚನ್ನವೀರಾ, ನಿಮ್ಮಮ್ಮ ಫೋನು! ಬೇಗ ಬಾಪ್ಪ, ಎಸ್.ಟಿ.ಡಿ. ಓಡ್ತಾ ಇದೆ!" ಬಿ.ಟಿ.ಎಂ. ಲೇಔಟಿನ ಈ ರೂಮಿನಲ್ಲಿ ನನಗೆ ಫೋನಿಲ್ಲ. ಅವ್ವನಿಗೆ ಇದೆ, ರಾಣೆಬೆನ್ನೂರಿನಲ್ಲಿ ಅವಳದು ಖಾನಾವಳಿ, ಗಲ್ಲೆಯ ಪಕ್ಕದಲ್ಲೇ ಫೋನು. ದಿನಕ್ಕೆ ಇನ್ನೂರು ಊಟ ಹಾಕಿಸುವ ಹೆಂಗಸು. ನನ್ನೊಂದಿಗೆ ಮಾತಾಡುವಾಗಲೂ ಕಣ್ಣೆಲ್ಲ ಎಲೆಗಳ ಮೇಲೆ.

"ಉಂಡೇನೋ? ಏ ತಿಪ್ಪಣ್ಣ, ಮೂರನೇ ಎಲಿಗೆ ಮಜ್ಜಿಗಿ ಬಂದಿಲ್ಲ ನೋಡಲೇ! ಹಾಂ, ಉಂಡೇನು?"

ತಿಪ್ಪಣ್ಣ ಅಲ್ಲಿ ಬಡಿಸುವವನು, ಅರ್ಥಾತ್ ಸರ್ವರ್. ಅವ್ವನ ಸರ್ವರ್ ಬಡಿಸುತ್ತಾನೆ, ನನ್ನ ಸರ್ವರ್ ಸತಾಯಿಸುತ್ತದೆ. ಇದನ್ನು ಅವಳಿಗೆ ವಿವರಿಸುತ್ತಿರುವಾಗ ಲೈನು ಕಟ್ ಆಯಿತು. ಮೆಟ್ಟಿಲು ಹತ್ತಿ ರೂಮಿಗೆ ಬಂದೆ. ಮತ್ತೆ ಕೂಗು. ಮತ್ತೆ ಇಳಿದೆ.

"ಏನಬೇ?"

"ಏನಿಲ್ಲ. ಆರಾಮಿರು."

ಇಷ್ಟಕ್ಕೇ ಇನ್ನೊಂದು ಕಾಲ್! ಲೈನು ಕಟ್ ಆದರೆ ಮಾತು ಮುಗಿದಂತಲ್ಲವಂತೆ. ಎರಡು ಪದಕ್ಕೆ ಎರಡು ಮಹಡಿ ಹತ್ತಿ ಇಳಿಸುವ ಮಹಾತಾಯಿ.

ಅಕ್ಟೋಬರ್ ೯, ಬುಧವಾರ

ಚೂಡಾಮಣಿಯವರ ಬಗ್ಗೆ ಬರೆಯದೆ ಈ ಪುಸ್ತಕ ಮುಂದೆ ಹೋಗದು. ತಿಲಕ್ ನಗರದಿಂದ ನಡೆದೇ ಬರುತ್ತಾರೆ, ಎಂಟು ಗಂಟೆಗೆ ಒಂದು ನಿಮಿಷ ಮೊದಲು. ಎರಡು ವರ್ಷದಲ್ಲಿ ಅವರ ವರದಿಗಳಲ್ಲಿ ಒಂದೇ ಒಂದು ದೊಡ್ಡ ತಪ್ಪು ಸಿಕ್ಕಿಲ್ಲ. ಗೋಡೆಯ ಬೋರ್ಡಿನಲ್ಲಿ ಅವರ ಹೆಸರಿನ ಮುಂದೆ ಇರುವ ಸೊನ್ನೆಯನ್ನು ಯಾರೂ ಅಳಿಸಿಲ್ಲ. ಅದರ ಬಣ್ಣವೇ ಹಳೆಯದಾಗಿದೆ. ಆರ್ಯಭಟನ ನಂತರ ಸೊನ್ನೆಯಿಂದ ಇಷ್ಟು ಹೆಸರು ಮಾಡಿದವರು ಇವರೇ. ನವೆಂಬರಿನಲ್ಲಿ ಎಡಿಟರ್ ಹುದ್ದೆ ಅವರಿಗೇ ಎಂದು ಎಲ್ಲರಿಗೂ ಗೊತ್ತು.

ಅವರದೊಂದು ಅಭ್ಯಾಸವಿದೆ. ಇಪ್ಪತ್ತೇಳನೇ ನಂಬರಿನ ಡಾಕ್ಟರೊಬ್ಬರಿದ್ದಾರೆ. (ನಮಗೆ ಡಾಕ್ಟರುಗಳ ಹೆಸರಿಲ್ಲ, ನಂಬರು ಮಾತ್ರ.) ಮುದಿ ದನಿ, ನಿಧಾನದ ಮಾತು. ಪ್ರತಿ ಫೈಲಿನ ಕೊನೆಯಲ್ಲೂ "ಥ್ಯಾಂಕ್ಯೂ, ಡಿಯರ್" ಎನ್ನುತ್ತಾರೆ. ಕಿವಿಯಲ್ಲಿ ಹೆಡ್‌ಫೋನ್ ಇರುವುದನ್ನು ಮರೆತು ಚೂಡಾಮಣಿಯವರು ಜೋರಾಗಿ "ಯೂ ಆರ್ ವೆಲ್ಕಮ್, ಡಾಕ್ಟ್ರೇ!" ಎಂದು ಉತ್ತರಿಸುತ್ತಾರೆ. ಹನ್ನೊಂದು ಜನ ನಗುತ್ತಾರೆ.

"ಅವರಿಗೆ ಕೇಳಿಸುತ್ತಾ ಮೇಡಂ?" ಎಂದು ಕೇಳಿದೆ.

"ಕೇಳಿಸದಿದ್ರೆ ಏನ್ರೀ? ಅಷ್ಟು ದೂರದಿಂದ ಮರ್ಯಾದೆ ಕಳಿಸ್ತಾರೆ. ನಾವು ಇಲ್ಲಿಂದ ಏನೂ ಅನ್ನದೆ ಇದ್ರೆ ಚೆನ್ನಾಗಿರುತ್ತಾ?"

ನಾನೂ ಕುರ್ಚಿಯ ತಯಾರಿ ನಡೆಸಿದ್ದೇನೆ. ಇಪ್ಪತ್ತೇಳರ ನಿಧಾನ ನನ್ನ ಬೆರಳಿಗೆ ಸರಿಹೊಂದುತ್ತದೆ. ಅವರ ಫೈಲುಗಳನ್ನು ಫ್ಲಾಪಿಗೆ ಹಾಕಿಕೊಂಡು ಊಟದ ಹೊತ್ತಿನಲ್ಲಿ ಖಾಲಿ ಯಂತ್ರದ ಮುಂದೆ ಟೈಪಿಂಗ್ ಅಭ್ಯಾಸ. ರೋಗಿಗಳ ಫೈಲು ನಕಲು ಮಾಡುವುದಿಲ್ಲ ಎಂದು ಸೇರುವಾಗ ನಾವೆಲ್ಲ ಸಹಿ ಹಾಕಿದ್ದೇವೆ, ನಿಜ. ಅದಕ್ಕೇ ಫ್ಲಾಪಿಯ ಮೇಲೆ "ಭಾವಗೀತೆಗಳು" ಎಂದು ಬರೆದಿದ್ದೇನೆ. ಆ ಹೆಸರಿದ್ದರೆ ಯಾರೂ ಕದಿಯುವುದಿಲ್ಲ, ಬಿಟ್ಟಿ ಕೊಟ್ಟರೂ ಒಯ್ಯುವುದಿಲ್ಲ.

ಅಕ್ಟೋಬರ್ ೧೪, ಸೋಮವಾರ, ಆಯುಧಪೂಜೆ

ಅಮೆರಿಕಕ್ಕೆ ಆಯುಧಪೂಜೆ ಇಲ್ಲ. ಇದ್ದಿದ್ದರೆ ಅವರ ಆಯುಧಗಳಿಗೆ ಕುಂಕುಮ ಹಚ್ಚಿಯೇ ಒಂದು ವರ್ಷ ಹಿಡಿಯುತ್ತಿತ್ತು. ಹೀಗಾಗಿ ಪೂಜೆಯೂ ಆಗಬೇಕು, ಕೆಲಸವೂ ಆಗಬೇಕು.

ಇವತ್ತು ನಲವತ್ತೊಂದು ಫೈಲು. ಲೈನು ಆಮೆ. ಒಂಬತ್ತಕ್ಕೆ ರಾಹುಕಾಲ ಮುಗಿಯಿತು, ಐದು ನಿಮಿಷಕ್ಕೆ ಅಯ್ಯನವರು ಕರಿಬಸವಯ್ಯ ಚೀಲ ಹಿಡಿದು ಹಾಜರು. ನಲವತ್ತು ಇಳಿದಿತ್ತು, ನಲವತ್ತೊಂದನೆಯದು ಇಳಿಯುತ್ತಿತ್ತು.

"ಎಲ್ಲಾ ಮಿಷಿನ್ನೂ ಆಫ್ ಮಾಡ್ಸಿ ಸಾರ್," ಎಂದರು ಬಾಸ್‌ಗೆ. "ಓಡ್ತಾ ಇರೋ ಯಂತ್ರಕ್ಕೆ ಪೂಜೆ ಮಾಡೋ ಹಾಗಿಲ್ಲ. ವರ್ಷಕ್ಕೊಂದು ಸಲ ಅದಕ್ಕೂ ಉಸಿರು ಬಿಡೋಕೆ ಬಿಡ್ಬೇಕು."

"ಅಯ್ಯನವರೇ, ಇನ್ನೊಂದು ಚೂರಿದೆ," ಎಂದೆ.

"ನಂಗೆ ಇನ್ನೂ ಎರಡು ಗ್ಯಾರೇಜು, ಒಂದು ವೆಲ್ಡಿಂಗ್ ಶಾಪು, ಒಂದು ಹಿಟ್ಟಿನ ಗಿರಣಿ ಇದೆ ಕಣಪ್ಪ. ಗಿರಣಿ ಮುಂದೆ ಜನ ಡಬ್ಬ ಇಟ್ಕೊಂಡು ನಿಂತವ್ರೆ."

"ಆಫ್ ಮಾಡ್ರೀ ಚನ್ನವೀರ," ಎಂದರು ಬಾಸ್.

ಮೋಡೆಮ್ಮಿನ ಸ್ವಿಚ್ ಆರಿಸಿದೆ. ಆಗ ನಡೆದದ್ದು ಪವಾಡ. ಆರಿಸಿದ ಕ್ಷಣವೇ ಪರದೆಯ ಮೇಲೆ "ಡೌನ್‌ಲೋಡ್ ಕಂಪ್ಲೀಟ್" ಎಂದು ಬಂತು! ಕೂದಲೆಳೆಯಲ್ಲಿ ಗೆದ್ದೆ. ಫೋಲ್ಡರಿನಲ್ಲಿ ಎಣಿಸಿದೆ: ನಲವತ್ತೊಂದಕ್ಕೆ ನಲವತ್ತೊಂದು. ಯಂತ್ರಕ್ಕೂ ಭಕ್ತಿಯಿದೆ ಎಂದು ಕರಿಬಸವಯ್ಯನವರಿಗೆ ಹೇಳಿದೆ. "ಇರಲ್ವಾ ಮತ್ತೆ?" ಎಂದು ನನ್ನ ಹಣೆಗೂ ವಿಭೂತಿ ಬಳಿದರು, ಮೋಡೆಮ್ಮಿಗೂ ಬಳಿದರು. ನಿಂಬೆಹಣ್ಣು ಹಿಂಡಿದ್ದು ಕೀಬೋರ್ಡಿನ ಮೇಲೆ ಬೀಳದಂತೆ ಚೂಡಾಮಣಿಯವರು ಸೆರಗು ಅಡ್ಡ ಹಿಡಿದರು.

ಹನ್ನೊಂದಕ್ಕೆಲ್ಲ ಎಲ್ಲರೂ ಬಾಯಲ್ಲಿ ಕಡ್ಲೆಪುರಿ, ಕಿವಿಯಲ್ಲಿ ಅಮೆರಿಕ. ನಾನು ರಿಜಿಸ್ಟರಿನಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿ, ಇಪ್ಪತ್ತೇಳರ ಎರಡು ಹೊಸ ಫೈಲುಗಳನ್ನು ನನ್ನ ಭಾವಗೀತೆಗಳಿಗೆ ಸೇರಿಸಿಕೊಂಡೆ. ಹೆಮ್ಮೆಯ ದಿನ. ಹಬ್ಬದ ದಿನವೂ ಒಂದು ಫೈಲು ಬಿಡದೆ ಇಳಿಸಿದವನು ಈ ಜಯನಗರದಲ್ಲಿ ಇನ್ಯಾರಿದ್ದಾನೆ?

ಅಕ್ಟೋಬರ್ ೧೮, ಶುಕ್ರವಾರ

ಅಭ್ಯಾಸ: ಹಬ್ಬದ ದಿನದ, ಏಳು ನಿಮಿಷದ ಫೈಲಿನಲ್ಲಿ ಮೂರನೇ ನಿಮಿಷ ತಲುಪಿದ್ದೇನೆ. ಆ ರೋಗಿ ನನ್ನ ಟೈಪಿಂಗಿಗೆ ಕಾದಿದ್ದರೆ ವಯಸ್ಸಾಗಿಯೇ ಹೋಗಿರುತ್ತಿದ್ದ.

ಅಕ್ಟೋಬರ್ ೨೩, ಬುಧವಾರ

ಬೋರ್ಡಿನ ಸೊನ್ನೆ ಹೋಯಿತು.

ಅಮೆರಿಕದಿಂದ ಪತ್ರ ಬಂದಿದೆ. ಹದಿನಾಲ್ಕನೇ ತಾರೀಖಿನ ಇಪ್ಪತ್ತೇಳರ ವರದಿಯಲ್ಲಿ ಕೊನೆಯ ಸೂಚನೆಯೇ ಇಲ್ಲ. ಆಪರೇಷನ್ನಿಗೆ ಐದು ದಿನ ಮೊದಲು ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಕು ಎಂದು ಡಾಕ್ಟರು ಹೇಳಿದ್ದರಂತೆ, ನಮ್ಮವರು ಟೈಪ್ ಮಾಡಿಲ್ಲ. ನರ್ಸೊಬ್ಬಳು ರೋಗಿಗೆ ಫೋನ್ ಮಾಡುವಾಗ ನೆನಪಿನಿಂದ ಹೇಳಿದ್ದಕ್ಕೆ ಜೀವ ಉಳಿಯಿತು. ಅದನ್ನು ಟೈಪ್ ಮಾಡಿದವರು ಯಾರೇ ಇರಲಿ, ಇನ್ನು ನಮ್ಮ ಫೈಲು ಮುಟ್ಟಬಾರದು ಎಂದು ಬರೆದಿದ್ದಾರೆ. ನಮ್ಮ ಆಫೀಸಿಗೆ ಇರುವುದು ಅವರೊಬ್ಬರೇ ಗಿರಾಕಿ. ಫೈಲು ಮುಟ್ಟಬಾರದು ಎಂದರೆ ಮೆಟ್ಟಿಲು ಹತ್ತಬಾರದು ಎಂದೇ ಅರ್ಥ.

ಟೈಪ್ ಮಾಡಿದವರು ಚೂಡಾಮಣಿ.

"ಕೇಳಿಸಿದ್ದೆಲ್ಲಾ ಟೈಪ್ ಮಾಡಿದೀನಿ ಸಾರ್. ಒಂದಕ್ಷರ ಬಿಟ್ಟಿಲ್ಲ," ಎಂದರು.

ಕೇಳಿಬಿಡೋಣ ಎಂದರು ಬಾಸ್. ನಮ್ಮಲ್ಲಿ ಆ ವಾರದ ಧ್ವನಿ ಇಲ್ಲ, ಜಾಗ ಸಾಲದೆಂದು ಪ್ರತಿ ಶನಿವಾರ ಅಳಿಸುತ್ತೇವೆ. ಸರ್ವರ್‌ನಲ್ಲಿ ತಿಂಗಳ ಕಾಲ ಇರುತ್ತದೆ. ನಾನೇ ಮತ್ತೆ ಇಳಿಸಿದೆ. ಸ್ಪೀಕರಿನಲ್ಲಿ ಹಾಕಿದೆವು. ಎಲ್ಲರೂ ಸುತ್ತ ನಿಂತಿದ್ದರು. ಏಳನೇ ನಿಮಿಷದಲ್ಲಿ ಮುದುಕರು ಒಂದು ದೀರ್ಘ ಉಸಿರು ತೆಗೆದುಕೊಂಡರು, ಕಾಗದ ತಿರುವಿದ ಸದ್ದು ಬಂತು, ಆಮೇಲೆ ಆ ಮಾತ್ರೆಯ ಸೂಚನೆ, ಗಂಟೆ ಹೊಡೆದಷ್ಟು ಸ್ಪಷ್ಟ. ಕೊನೆಗೆ "ಥ್ಯಾಂಕ್ಯೂ, ಡಿಯರ್."

ಯಾರೂ ನಗಲಿಲ್ಲ. ಚೂಡಾಮಣಿಯವರು ಸ್ಪೀಕರನ್ನೇ ನೋಡುತ್ತಿದ್ದರು.

"ಅವತ್ತು ಇವರು ಥ್ಯಾಂಕ್ಯೂ ಹೇಳ್ಲಿಲ್ಲ ಸಾರ್."

"ನೋಡಮ್ಮಾ..."

"ಹೇಳ್ಲಿಲ್ಲ ಸಾರ್. ನಾನು ವೆಲ್ಕಮ್ ಅಂದಿದ್ರೆ ಇವರೆಲ್ಲಾ ನಗ್ತಿದ್ರು. ಅವತ್ತು ಯಾರೂ ನಗ್ಲಿಲ್ಲ. ಡಾಕ್ಟ್ರಿಗೆ ಇವತ್ತು ಏನೋ ಬೇಜಾರಾಗಿದೆ, ಅದಕ್ಕೇ ಹೇಳ್ದೆ ಹೋದ್ರು ಅಂದ್ಕೊಂಡೆ. ನಂಗೂ ಬೇಜಾರಾಯ್ತು."

ಬಾಸ್ ಕಣ್ಣು ತಗ್ಗಿಸಿದರು. ಸ್ಪೀಕರಿನಲ್ಲಿ ಅಷ್ಟು ಸ್ಪಷ್ಟವಾಗಿ ಕೇಳಿಸಿದ ಮೇಲೆ ಇದನ್ನು ಯಾರು ಒಪ್ಪುತ್ತಾರೆ? ತಿಂಗಳ ಕೊನೆಯವರೆಗೆ ಬರಲಿ, ಆಮೇಲೆ ಬೇಡ ಎಂದು ತೀರ್ಮಾನವಾಯಿತು.

ನನ್ನ ಕಡೆಯಿಂದ ತಪ್ಪಿಲ್ಲ. ರಿಜಿಸ್ಟರ್ ತೆಗೆದು ನೋಡಿದೆ: ನಲವತ್ತೊಂದಕ್ಕೆ ನಲವತ್ತೊಂದು.

ಅಕ್ಟೋಬರ್ ೨೪, ಗುರುವಾರ

ನಲವತ್ತೊಂದಕ್ಕೆ ನಲವತ್ತೊಂದು. ಸರಿಯಾಗಿಯೇ ಇದೆ.

ಅಕ್ಟೋಬರ್ ೨೫, ಶುಕ್ರವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಭಾವಗೀತೆಗಳನ್ನು ಯಂತ್ರಕ್ಕೆ ಹಾಕಿದೆ. ಹದಿನಾಲ್ಕನೇ ತಾರೀಖಿನ ಆ ಫೈಲನ್ನು ಮೂರನೇ ನಿಮಿಷದಿಂದಲ್ಲ, ಕೊನೆಯ ನಿಮಿಷದಿಂದ ಕೇಳಿದೆ. ಮುದುಕರು ಉಸಿರು ತೆಗೆದುಕೊಂಡರು. ಅಷ್ಟೇ. ಉಸಿರಿನ ಮೇಲೆ ಫೈಲು ಮುಗಿಯಿತು. ಕಾಗದದ ಸದ್ದಿಲ್ಲ, ಮಾತ್ರೆಯಿಲ್ಲ, ಡಿಯರ್ ಇಲ್ಲ. ಕಡಿದದ್ದು ಮಾತಿನ ನಡುವೆ ಆಗಿದ್ದರೆ ಟೈಪ್ ಮಾಡುವವರಿಗೆ ಗೊತ್ತಾಗುತ್ತಿತ್ತು. ಅದು ಮಾತು ನಿಂತ ಜಾಗದಲ್ಲೇ ಕಡಿದಿತ್ತು.

ಸರ್ವರ್‌ನ ಪಟ್ಟಿಯಲ್ಲಿ ಪ್ರತಿ ಫೈಲಿನ ಮುಂದೆ ಅದರ ಗಾತ್ರ ಇರುತ್ತದೆ. ಐದು ತಿಂಗಳಿಂದ ಕಣ್ಣೆದುರೇ ಇದ್ದ ಆ ಅಂಕಿಗಳನ್ನು ನಾನು ಕಲ್ಯಾಣಮಂಟಪದ ರಂಗೋಲಿಯಂತೆ ದಾಟಿಕೊಂಡು ಹೋಗುತ್ತಿದ್ದೆ. ಇವತ್ತು ಓದಿದೆ. ಅಲ್ಲಿ ೪,೫೭,೨೧೬ ಬೈಟು. ನನ್ನ ಫ್ಲಾಪಿಯಲ್ಲಿ ೪,೧೯,೮೪೦. ನಡುವೆ ಮೂವತ್ತೇಳು ಸಾವಿರ ಚಿಲ್ಲರೆ ಬೈಟು, ಅಂದರೆ ಸುಮಾರು ಮೂವತ್ತೇಳು ಸೆಕೆಂಡಿನ ಮಾತು. ಬೈಟೂ ಕಾಫಿಯಲ್ಲಿ ನನ್ನ ಲೋಟಕ್ಕೆ ಒಂದು ಗುಟುಕು ಕಡಿಮೆ ಬಿದ್ದರೆ ಹೋಟೆಲೇ ನಡುಗುವಂತೆ ಕೂಗುವವನು ನಾನು.

ಇನ್ನೂ ಖಚಿತವಾಗಲೆಂದು ಬೇರೊಂದು ಫೈಲು ಇಳಿಸುತ್ತ ನಡುವೆಯೇ ಮೋಡೆಮ್ಮಿನ ಸ್ವಿಚ್ ಆರಿಸಿದೆ. ಪರದೆ ನಗುನಗುತ್ತ ಹೇಳಿತು: "ಡೌನ್‌ಲೋಡ್ ಕಂಪ್ಲೀಟ್." ಲೈನು ಹೋದರೆ ಈ ಮಹಾರಾಯ ಬಂದಷ್ಟನ್ನೇ ಪೂರ್ತಿ ಎಂದು ತಿಳಿಯುತ್ತಾನೆ. ಫೋಲ್ಡರಿನಲ್ಲಿ ಹೆಸರಿರುತ್ತದೆ, ಎಣಿಕೆ ಸರಿಯಿರುತ್ತದೆ. ಚೀಲ ಎಣಿಸಿದೆ, ತೂಗಲಿಲ್ಲ.

ಪವಾಡ ಎಂದು ಹನ್ನೊಂದು ದಿನದ ಹಿಂದೆ ಇದೇ ಪುಸ್ತಕದಲ್ಲಿ ಬರೆದವನ ಕೈಬರಹ ಚೆನ್ನಾಗಿದೆ.

ಫ್ಲಾಪಿ ಈಗ ನನ್ನ ಜೇಬಿನಲ್ಲಿದೆ. ಚೂಡಾಮಣಿಯವರು ಹೇಳಿದ್ದು ನಿಜ ಎನ್ನುವುದಕ್ಕೆ ಲೋಕದಲ್ಲಿರುವ ಸಾಕ್ಷಿ ಇದೊಂದೇ. ನಾನು ನಕಲು ಮಾಡಿದ್ದೇನೆ ಎನ್ನುವುದಕ್ಕೂ ಸಾಕ್ಷಿ ಇದೊಂದೇ. ತೋರಿಸಿದರೆ ಅವರ ಕೆಲಸ ಉಳಿಯುತ್ತದೆ, ನನ್ನದು ಎರಡು ಕಾರಣಕ್ಕೆ ಹೋಗುತ್ತದೆ.

ಅಕ್ಟೋಬರ್ ೨೬, ಶನಿವಾರ

ಚೂಡಾಮಣಿಯವರು ತಮ್ಮ ಮೇಜಿನ ಮೇಲಿದ್ದ ಡಿಕ್ಷನರಿ, ಚಿಕ್ಕ ಗಣಪತಿ, ನೀರಿನ ಬಾಟಲು ಚೀಲಕ್ಕೆ ಹಾಕಿಕೊಂಡರು. ಇಪ್ಪತ್ತೇಳರ ಫೈಲು ಅವರಿಗೆ ಕೊಡುವುದಿಲ್ಲ ಈಗ. "ಡಾಕ್ಟ್ರಿಗೆ ವೆಲ್ಕಮ್ ಹೇಳೋರು ಯಾರ್ರೀ ಇನ್ಮೇಲೆ?" ಎಂದು ನನ್ನನ್ನು ಕೇಳಿದರು. ನಾನು ಜೇಬಿನ ಫ್ಲಾಪಿಯನ್ನು ಇನ್ನಷ್ಟು ಒಳಗೆ ತಳ್ಳಿದೆ.

ಅಕ್ಟೋಬರ್ ೨೭, ಭಾನುವಾರ

ಅವ್ವನ ಫೋನು. ಹಿಂದುಗಡೆ ಪಾತ್ರೆಯ ಸದ್ದು.

"ಅವ್ವಾ, ಒಂದು ಮಾತು. ತಿಪ್ಪಣ್ಣ ಒಬ್ಬರಿಗೆ ಮಜ್ಜಿಗಿ ಹಾಕೂದು ಮರತ ಅಂತ ತಿಳಕೋ. ಅವರು ಅರ್ಧಾ ಊಟದಾಗ ಎದ್ದು ಹೋದ್ರು. ಊರ ಮಂದಿ ಅಡಗಿ ಮಾಡಿದಾಕೀನ ಬೈದ್ರು. ನೀ ಏನ್ ಮಾಡ್ತಿ?"

"ತಿಪ್ಪಣ್ಣ ಎಣಸಿದ್ನಿಲ್ಲೋ?"

"ಎಣಸಿದ್ದ. ಎಲಿ ಎಣಸಿದ್ದ, ಎಲ್ಲಾ ಬರೋಬರಿ ಇತ್ತು."

"ಎಲಿ ಎಣಸಿದ್ರ ಏನ್ ಬಂತೋ ಹುಚ್ಚಪ್ಪ? ಮಜ್ಜಿಗಿ ಬರೂತನಕ ಊಟ ಮುಗದಂಗಲ್ಲ. ನಾ ಇಲ್ಲೆ ಗಲ್ಲೇದ ಮ್ಯಾಲ ಕುಂತು ಇಷ್ಟು ವರ್ಷಾತು ನೋಡೂದು ಅದನ್ನ ಒಂದ."

"ಅವನ್ನ ಕೆಲಸದಿಂದ ತಗೀತಿಯೇನು?"

"ತಾನ ಬಂದು ಹೇಳಿದ್ರ ತಗಿಯಂಗಿಲ್ಲ. ಮುಚ್ಚಿಟ್ಟ ಅಂದ್ರ ಹೊಸ್ತಿಲಾ ತುಳಸಂಗಿಲ್ಲ." ದನಿ ತಗ್ಗಿಸಿದಳು. "ಚನ್ಯಾ, ಏನ್ ಮಾಡೀಯೋ?"

"ನಾ ಏನೂ ಮಾಡಿಲ್ಲಬೇ."

"ಏನೂ ಮಾಡಲಾರದವರಿಗೆ ತಿಪ್ಪಣ್ಣನ ಚಿಂತಿ ಯಾಕೋ?" ಎಂದಳು. ಆಮೇಲೆ, "ಆತು. ಆರಾಮಿರು."

ಆರಾಮ ಎಲ್ಲಿಂದ ಬರಬೇಕು?

ಅಕ್ಟೋಬರ್ ೨೮, ಸೋಮವಾರ

ಬಾಸ್ ಬಂದು ಕೂರುವ ಮೊದಲೇ ಅವರ ಮೇಜಿನ ಮೇಲೆ ಫ್ಲಾಪಿ ಇಟ್ಟೆ.

"ಇದೇನ್ರೀ, ಭಾವಗೀತೆ?"

"ಹೌದು ಸಾರ್. ಕೊನೇ ಚರಣ ಇಲ್ಲ."

ಹೇಳಿದೆ. ಸ್ವಿಚ್, ಕಂಪ್ಲೀಟ್ ಎಂಬ ಸುಳ್ಳು, ಬೈಟು, ನಕಲು, ಎಲ್ಲ. ಬಾಸ್ ಫೈಲನ್ನು ಎರಡು ಸಲ ಕೇಳಿದರು. ಮೋಡೆಮ್ ಆರಿಸಿ ತೋರಿಸು ಎಂದರು, ತೋರಿಸಿದೆ. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಆಫ್ ಮಾಡು ಅಂದವನು ನಾನು," ಎಂದರು. ಅದನ್ನು ಅವರು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಚೂಡಾಮಣಿಯವರನ್ನು ಕರೆಸಿದರು. ಅವರು ನಿಂತೇ ಕೇಳಿಸಿಕೊಂಡರು. ಸಿನಿಮಾದಲ್ಲಾದರೆ ಈಗ ಕಣ್ಣೀರು, ಕ್ಷಮೆ. ಇವರು ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು.

"ನಿಮಗೆ ಯಾವತ್ತು ಗೊತ್ತಾಯ್ತು?"

"ಶುಕ್ರವಾರ."

"ಇವತ್ತು ಸೋಮವಾರ."

"ಹೌದು."

"ಶನಿವಾರ ನಾನು ಗಣಪತಿ ಎತ್ತಿ ಚೀಲಕ್ಕೆ ಹಾಕ್ಕೊಂಡಾಗ ನೀವು ಅಲ್ಲೇ ಇದ್ರಿ."

"ಇದ್ದೆ ಮೇಡಂ."

ಅವರು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಮೇಜಿನ ಮೇಲೆ ಏನೋ ಇಟ್ಟ ಸದ್ದು ಬಂತು. ಗಣಪತಿ.

ನನ್ನ ಬಗ್ಗೆ ನಾಳೆ ಹೇಳುತ್ತೇನೆ ಎಂದರು ಬಾಸ್. ಫ್ಲಾಪಿಯನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿದರು. ನನ್ನ ಸಾಹಿತ್ಯಕೃಷಿಯ ಬಗ್ಗೆ ಬಂದ ಮೊದಲ ವಿಮರ್ಶೆ.

ಅಕ್ಟೋಬರ್ ೨೯, ಮಂಗಳವಾರ

ಚೂಡಾಮಣಿಯವರು ಬಾಸ್ ಕೋಣೆಯಲ್ಲಿ ಮಾತಾಡಿದ್ದು ಹೊರಗೆ ಕೇಳಿಸುತ್ತಿತ್ತು. ಆ ಕೋಣೆಯ ಗೋಡೆ ಪ್ಲೈವುಡ್ಡು, ಗುಟ್ಟು ನಿಲ್ಲುವುದಿಲ್ಲ.

"ನಂಗೆ ಅವರ ಮೇಲೆ ಸಿಟ್ಟಿದೆ ಸಾರ್. ಇನ್ನೂ ಒಂದು ತಿಂಗಳು ಇರುತ್ತೆ. ಆದ್ರೆ ತೆಗೀಬೇಡಿ. ಹೊಸಬರು ಬಂದ್ರೆ ಮತ್ತೆ ಎಣಿಸ್ಕೊಂಡು ಕೂತ್ಕೋತಾರೆ. ಇವರಿಗಾದ್ರೆ ಏಟು ಬಿದ್ದಿದೆ."

ಇದಕ್ಕಿಂತ ಒಳ್ಳೆಯ ಶಿಫಾರಸು ಪತ್ರ ನನಗೆ ಯಾವ ಪ್ರಾಂಶುಪಾಲರೂ ಕೊಟ್ಟಿಲ್ಲ.

ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ. ಕುರ್ಚಿ ಇಲ್ಲ. ಫೈಲು ಪೂರ್ತಿ ಬಂದಿದೆಯೋ ಇಲ್ಲವೋ ನೋಡುವ ಒಂದು ಪದ್ಧತಿ ಬರೆದು ತಾ ಎಂದರು ಬಾಸ್, ಅಮೆರಿಕಕ್ಕೆ ಕಳಿಸಬೇಕಂತೆ.

ಅಕ್ಟೋಬರ್ ೩೧, ಗುರುವಾರ

ಪದ್ಧತಿ ಬರೆದುಕೊಟ್ಟೆ. ಹೊಸ ರಿಜಿಸ್ಟರಿನಲ್ಲಿ ಪ್ರತಿ ಫೈಲಿಗೂ ಮೂರು ಮನೆ ಗೆರೆ ಎಳೆದಿದ್ದೇನೆ. ಮೊದಲನೆಯದರಲ್ಲಿ ಎಣಿಕೆ. ಎರಡನೆಯದರಲ್ಲಿ ಅಲ್ಲಿನ ಬೈಟು, ಇಲ್ಲಿನ ಬೈಟು, ಕೊನೆಯ ಅಂಕಿಯ ತನಕ. ಆದರೆ ಅಲ್ಲಿ ರೆಕಾರ್ಡ್ ಆಗುವಾಗಲೇ ಅರ್ಧ ನಿಂತಿದ್ದರೆ ಬೈಟೂ ಸರಿಯಿರುತ್ತದೆ, ಫೈಲೂ ಅರ್ಧ ಇರುತ್ತದೆ. ಅದಕ್ಕೆ ಮೂರನೆಯ ಮನೆ: ಪ್ರತಿ ಫೈಲಿನ ಕೊನೆಯ ಹತ್ತು ಸೆಕೆಂಡು ಕಿವಿಯಿಂದ ಕೇಳಿ, ಡಾಕ್ಟರು ಮಾತು ಮುಗಿಸಿದ್ದಾರೆಯೇ ಎಂದು ನೋಡಿ ಸಹಿ ಹಾಕುವುದು.

ಬಾಸ್ ಓದುತ್ತ ನಿಂತರು. "ಎಣಿಕೆ, ಓಕೆ. ಬೈಟ್ಸ್, ಓಕೆ. ಇದೇನ್ರೀ ಮೂರನೇದು? ಮಜ್ಜಿಗೆ?"

"ಅದು ಬರದೆ ಯಾರೂ ಏಳಬಾರದು ಸಾರ್."

"ಅಮೆರಿಕದವರಿಗೆ ಏನಂ‌ತ ಬರೀಲಿ?"

"ಮಜ್ಜಿಗೆ ಅಂತಲೇ ಬರೀರಿ ಸಾರ್. ಅವರ ಪೆನಿಸಿಲಿನ್ನನ್ನ ನಾವು ಪೆನಿಸಿಲಿನ್ ಅಂತಲೇ ಟೈಪ್ ಮಾಡ್ತಿಲ್ವಾ?"

ಹಿಂದಿನಿಂದ ಯಾರೋ ನಕ್ಕಂತಾಯಿತು. ತಿರುಗಿ ನೋಡಿದರೆ ಚೂಡಾಮಣಿಯವರು ಗಂಭೀರವಾಗಿ ಡಿಕ್ಷನರಿ ತಿರುವುತ್ತಿದ್ದರು, ತಲೆಕೆಳಗಾಗಿ ಹಿಡಿದುಕೊಂಡು.

ನವೆಂಬರ್ ೭, ಗುರುವಾರ

ದೀಪಾವಳಿ ಆಯಿತು. ಅಮೆರಿಕದಿಂದ ಎರಡು ಸಾಲು ಬಂತು: ಟೈಪ್ ಮಾಡಿದವರ ಮೇಲಿನ ಆಕ್ಷೇಪ ಹಿಂದಕ್ಕೆ; ಹೊಸ ಪದ್ಧತಿ ಚೆನ್ನಾಗಿದೆ, ನಡೆಸಿ. ಕೆಳಗೆ "ಮಜ್ಜಿಗೆ" ಎಂದರೆ ಏನು ಎಂದು ಕೇಳಿದ್ದಾರೆ.

ಬೋರ್ಡಿನ ಮೇಲೆ ಸೊನ್ನೆ ಮತ್ತೆ ಬಂತು. ಬರೆಯಲು ಚಾಕ್‌ಪೀಸು ನನಗೆ ಕೊಟ್ಟರು. ಐಚ್ಛಿಕ ಕನ್ನಡದಲ್ಲಿ ಎಷ್ಟೋ ಪ್ರಬಂಧ ಬರೆದಿದ್ದೇನೆ. ಅಷ್ಟು ದುಂಡಗೆ ಏನನ್ನೂ ಬರೆದಿರಲಿಲ್ಲ. ಚೂಡಾಮಣಿಯವರು ಎಡಿಟರ್ ಆಗಿ ಒಳಗಿನ ಮೇಜಿಗೆ ಹೋಗಬೇಕು. ಇಪ್ಪತ್ತೇಳರ ಫೈಲು ಮಾತ್ರ ತಾನೇ ಟೈಪ್ ಮಾಡುತ್ತೇನೆಂದು ಷರತ್ತು ಹಾಕಿ ಹೋದರು.

ನವೆಂಬರ್ ೧೪, ಗುರುವಾರ

ಬೆಳಗ್ಗೆ ಮೂವತ್ತೆಂಟು ಫೈಲು. ಎಣಿಕೆ ಸರಿ, ಬೈಟು ಸರಿ. ಹತ್ತೊಂಬತ್ತನೆಯದಕ್ಕೆ ಮಜ್ಜಿಗೆ ಇಲ್ಲ.

ಅದು ಒಂಬತ್ತನೇ ನಂಬರಿನ ಡಾಕ್ಟರದು, ಯಾವಾಗಲೂ ಗಂಟಲು ಸರಿಪಡಿಸಿಕೊಂಡು "ದಟ್ಸ್ ಆಲ್" ಎನ್ನುವವರು. ಇವತ್ತು ಗಂಟಲೂ ಇಲ್ಲ, ಆಲ್ ಕೂಡ ಇಲ್ಲ. ಯಾವ ನಂಬರಿನವರು ಹೇಗೆ ಮುಗಿಸುತ್ತಾರೆಂದು ಈಗ ನನಗೆ ಬಾಯಿಪಾಠ. ಹದಿನಾಲ್ಕು ಆಕಳಿಸುತ್ತಾರೆ, ಮೂವತ್ತೊಂದು ಪೆನ್ನು ಕಟಕ್ಕೆನಿಸುತ್ತಾರೆ, ಆರು ದೇವರ ಹೆಸರು ಹೇಳುತ್ತಾರೆ.

"ಸಾರ್, ಇದು ಅಲ್ಲೇ ಅರ್ಧ," ಎಂದೆ.

"ಬೈಟ್ಸ್ ಟ್ಯಾಲಿ ಆಗಿದೆಯಲ್ರೀ?"

"ಎಲೆ ಟ್ಯಾಲಿ ಆಗಿದೆ ಸಾರ್. ಊಟ ಆಗಿಲ್ಲ."

ಬರೆದು ಕೇಳಿದರು. ಸಂಜೆಯ ಹೊತ್ತಿಗೆ ಉತ್ತರ: ಅವರ ರೆಕಾರ್ಡರಿನ ಬ್ಯಾಟರಿ ಮುಗಿದಿತ್ತು, ಡಾಕ್ಟರು ಅದನ್ನು ಗಮನಿಸಿಯೇ ಇರಲಿಲ್ಲ, ಉಳಿದ ಭಾಗ ಮತ್ತೆ ಹೇಳಿ ಕಳಿಸುತ್ತಾರೆ. ಚೂಡಾಮಣಿಯವರು ಒಳಗಿನಿಂದ ಬಂದು ರಿಜಿಸ್ಟರಿನಲ್ಲಿ ಆ ಸಾಲಿನ ಮುಂದೆ ತಾವೇ ಸಹಿ ಹಾಕಿದರು. "ಒಂದು ತಿಂಗಳು ಅಂದಿದ್ದೆ. ಹದಿನೈದು ದಿನಕ್ಕೇ ಸಿಟ್ಟು ಖರ್ಚಾಗೋಯ್ತು ಕಣ್ರೀ," ಎಂದರು. ನಾವಿಬ್ಬರೂ ಕೆಳಗೆ ಹೋಗಿ ಬೈಟೂ ಕಾಫಿ ಕುಡಿದೆವು. ದೊಡ್ಡ ಲೋಟ ಅವರಿಗೆ.

ನವೆಂಬರ್ ೧೭, ಭಾನುವಾರ

ಬರೆಯಲು ಮರೆತಿದ್ದೆ. ನಿನ್ನೆ ಬಾಸ್ ಕರೆದು, ಚೂಡಾಮಣಿಯವರ ತಿರುಗುವ ಕುರ್ಚಿ ಖಾಲಿ ಇದೆ, ಪ್ರೊಬೇಷನ್ ಏನಾದರೂ ಇರಲಿ, ಟೈಪಿಂಗಿಗೆ ಬರುತ್ತೀಯಾ ಎಂದರು. ನೋಡೋಣ ಸಾರ್, ಬೆಳಗಿನ ಫೈಲಿನ ಕೊನೆ ಕೇಳುವವರು ಯಾರೂ ಇಲ್ಲವಲ್ಲ ಎಂದೆ. ಸ್ಟೂಲಿಗೆ ಒಂದು ದಿಂಬು ಕೊಡಿಸಿ ಎಂದು ಕೇಳಿಕೊಂಡು ಬಂದೆ.

ಇವತ್ತು ಅವ್ವನ ಫೋನು. ಮಜ್ಜಿಗೆಯ ಹೆಸರು ಅಮೆರಿಕಕ್ಕೆ ಹೋದದ್ದನ್ನು ಹೇಳಿದೆ. "ಅಲ್ಲೆ ಮೊಸರಾದ್ರೂ ಚೊಲೋ ಐತೇನು?" ಎಂದಳು. ತಿಪ್ಪಣ್ಣನಿಗೂ ಹೇಳುತ್ತೇನೆ ಎಂದಳು. ಇನ್ನೇನೋ ಹೇಳಹೊರಟಳು, ಲೈನು ಹೋಯಿತು.

ಸ್ವಲ್ಪ ಹೊತ್ತು ಕಾದೆ. ಮಧ್ಯಾಹ್ನದ ಪಂಕ್ತಿಯ ಸಮಯ, ಅವಳಿಗೆ ಪುರುಸೊತ್ತಿರಲಿಕ್ಕಿಲ್ಲ.

"ಆಂಟಿ, ಒಂದು ಎಸ್.ಟಿ.ಡಿ. ಮಾಡ್ಲಾ?"

"ಈಗ ತಾನೇ ಮಾತಾಡಿದ್ಯಲ್ಲೋ?" ಎಂದರು ನೀಲಗಂಗಮ್ಮ ಆಂಟಿ, ಫೋನಿನ ಬೀಗ ತೆಗೆಯುತ್ತ.

ಎರಡು ಸಲ ಎಂಗೇಜ್. ಮೂರನೆಯದಕ್ಕೆ ಹತ್ತಿತು.

"ಯಾಕೋ? ಏನಾತು?" ಅವ್ವನ ದನಿಯಲ್ಲಿ ಗಾಬರಿ. ನಾನಾಗಿ ಫೋನ್ ಮಾಡಿದ್ದು ಇದೇ ಮೊದಲಂತೆ.

"ಏನಿಲ್ಲ. ನೀ ಆರಾಮಿರು ಅನ್ಲಿಲ್ಲ."

ಪಾತ್ರೆಯ ಸದ್ದು, ತಿಪ್ಪಣ್ಣನ ಕೂಗು, ಯಾರೋ ಅನ್ನ ಕೇಳಿದ್ದು, ಎಲ್ಲ ಕೇಳಿಸುತ್ತಿತ್ತು. "ತಡಿಯಲೇ ತಿಪ್ಪಣ್ಣ," ಎಂದಳು ಅವ್ವ.

"ಆರಾಮಿರಪಾ."

"ಹೂಂನಬೇ. ಪೂರ್ತಿ ಬಂತು."